ಸಭೆ ಬಿಟ್ಟರೆ ಯೇಸುವನ್ನೂ ಬಿಟ್ಟಂತಾ?

ಪ್ರಶ್ನೆ: ಅಯ್ಯನವರಿಗೆ ವಂದನೆ. ನಮ್ಮದು ಸಿಂಧನೂರು ತಾಲ್ಲೂಕು. ನನಗೆ 36 ವರ್ಷ, ಖಾಸಗಿ ಆಸ್ಪತ್ರೆಯಲ್ಲಿ ನರ್ಸ್. ಮನೆಯವರು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಾರೆ. ಮುತ್ತಜ್ಜನ ಕಾಲದಿಂದ ನಾವು ಒಂದೇ ಸಭೆಯವರು, ಅಂದರೆ ಒಂದೇ ಚರ್ಚಿನವರು. ಮೂರು ವರ್ಷದಿಂದ ಹೋಗುತ್ತಿಲ್ಲ. ಕಾಂಪೌಂಡಿನ ಮಳಿಗೆಗಳ ಬಾಡಿಗೆ ಯಾರ ಕೈಗೆ ಹೋಗಬೇಕು ಅಂತ ಕಮಿಟಿಯಲ್ಲಿ ಜಗಳ ಶುರುವಾಯಿತು. ಎರಡು ಗುಂಪಾಯಿತು, ಕೋರ್ಟಿಗೆ ಹೋಯಿತು. ಒಂದು ಭಾನುವಾರ ಹೋದರೆ ಬಾಗಿಲಿಗೆ ಬೀಗ, ಗೇಟಿನಲ್ಲಿ ಪೊಲೀಸರು. ಅದಕ್ಕೂ ಮೊದಲೇ ಮನಸ್ಸು ಮುರಿದಿತ್ತು. ನಮ್ಮ ಕೇರಿಯವರು ಹಿಂದಿನ ಸಾಲಿನಲ್ಲೇ ಕೂಡಬೇಕು ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಹಾಗೇ ನಡೆಯುತ್ತದೆ. ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನಕ್ಕೂ ನಾವೇ ಕೊನೆಗೆ. ಈಗ ಮನೆಯಲ್ಲೇ ಸತ್ಯವೇದ (ಬೈಬಲ್) ಓದುತ್ತೇವೆ, ಫೋನಿನಲ್ಲಿ ಪ್ರಸಂಗ ಕೇಳುತ್ತೇವೆ. ಪಾಸ್ಟರ್ ನನ್ನನ್ನು ಹಿಂಜಾರಿದವಳು, ಅಂದರೆ ವಿಶ್ವಾಸದಿಂದ ಜಾರಿದವಳು ಅನ್ನುತ್ತಾರೆ, "ಬಳ್ಳಿಯಿಂದ ಕಡಿದ ಕೊಂಬೆ ಎಷ್ಟು ದಿನ ಹಸಿರಿರುತ್ತದೆ?" ಅಂತ ಕೇಳಿದರು. ಮನೆಯವರು, "ಯೇಸು ಧರ್ಮ ಮಾಡಲಿಲ್ಲ, ಮಾಡಿದವರು ಮನುಷ್ಯರು. ಮನೆಯೇ ಗುಡಿ" ಅನ್ನುತ್ತಾರೆ. ಮಗಳಿಗೆ ಒಂಬತ್ತು ವರ್ಷ. ಅವ್ವನಿಗೆ ಒಂದೇ ಚಿಂತೆ, ಸತ್ತರೆ ತನ್ನನ್ನು ಎಲ್ಲಿ ಮಣ್ಣು ಮಾಡುತ್ತೀರಿ ಅಂತ. ಭಾನುವಾರ ಗಂಟೆ ಹೊಡೆದಾಗ ಬಿಳಿ ಸೀರೆ ಉಟ್ಟು ಕಟ್ಟೆ ಮೇಲೆ ಕೂಡುತ್ತಾಳೆ, ಎರಡನೇ ಗಂಟೆ ಆದ ಮೇಲೆ ಒಳಗೆ ಬರುತ್ತಾಳೆ. ನಾನು ಮಾಡುತ್ತಿರುವುದು ತಪ್ಪಾ?

ಉತ್ತರ:

ತಂಗಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಒಂದೇ ಪ್ರಶ್ನೆಯ ಹಾಗೆ ಕಂಡರೂ ಒಳಗೆ ಮೂರಿವೆ. ಸಭೆಗೆ ಹೋಗದೆ ವಿಶ್ವಾಸಿ ಆಗಿರಬಹುದಾ? ಇದ್ದರೂ ಆ ವಿಶ್ವಾಸ ಬಾಳಿಕೆ ಬರುತ್ತಾ? ಮೂರನೆಯದು ಅವ್ವನದು. ಮೊದಲನೆಯದಕ್ಕೆ ಉತ್ತರ ಸುಲಭ: ಆಗಿರಬಹುದು. ಎರಡನೆಯದಕ್ಕೆ ಅಷ್ಟು ಸುಲಭವಾಗಿ ತಲೆ ಆಡಿಸಲಾರೆ. 28 ವರ್ಷ ಸಭಾ ಚರಿತ್ರೆ ಪಾಠ ಮಾಡಿದ್ದೇನೆ, ನಡುವೆ ಎಂಟು ವರ್ಷ ಹಳ್ಳಿ ಸಭೆಗಳನ್ನೂ ನೋಡಿಕೊಂಡಿದ್ದೇನೆ. ಎರಡೂ ಕಡೆ ಕಂಡದ್ದನ್ನು ಹೇಳುತ್ತೇನೆ.

ಮೊದಲು ಆ ಕೊಂಬೆಯ ಮಾತು. ಯೋಹಾನನ ಸುವಾರ್ತೆ 15ನೇ ಅಧ್ಯಾಯ ತೆಗೆದು ನೋಡಿ. "ನಾನೇ ದ್ರಾಕ್ಷೇಬಳ್ಳಿ" ಅಂತ ಹೇಳುವುದು ಯೇಸು. ಬಳ್ಳಿ ಅಂದರೆ ಸಭೆ ಅಂತಲೂ ಅಲ್ಲಿಲ್ಲ, ಕಮಿಟಿ ಅಂತಲೂ ಇಲ್ಲ. ಪಾಸ್ಟರ್ ಹೇಳಿದ್ದು ಕೆಟ್ಟ ಉದ್ದೇಶದಿಂದ ಇರಲಿಕ್ಕಿಲ್ಲ. ಆದರೆ ಬಳ್ಳಿಯ ಜಾಗದಲ್ಲಿ ಸಭೆಯನ್ನು ಇಟ್ಟರು. ಶಿಲುಬೆಯ ಮೇಲೆ ಯೇಸುವಿನ ಪಕ್ಕದಲ್ಲಿದ್ದ ಕಳ್ಳನಿಗೆ ದೀಕ್ಷಾಸ್ನಾನ ಆಗಿರಲಿಲ್ಲ, ಯಾವ ರಿಜಿಸ್ಟರಿನಲ್ಲೂ ಹೆಸರಿರಲಿಲ್ಲ. "ಈಹೊತ್ತೇ ನನ್ನ ಸಂಗಡ ಪರದೈಸಿನಲ್ಲಿರುವಿ" ಅನ್ನುವ ಮಾತು ಸಿಕ್ಕಿದ್ದು ಅವನಿಗೆ.

ಹಾಗಾದರೆ "ಸಭೆಯ ಹೊರಗೆ ರಕ್ಷಣೆ ಇಲ್ಲ" ಅನ್ನುವ ಮಾತು ಎಲ್ಲಿಂದ ಬಂತು? ಮೂರನೇ ಶತಮಾನದಲ್ಲಿ ಉತ್ತರ ಆಫ್ರಿಕಾದ ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಬರೆದದ್ದು. ಆಗ ರೋಮಿನವರ ಹಿಂಸೆ ಒಂದು ಕಡೆ, ಸಭೆ ಒಡೆದು ಗುಂಪಾಗಿದ್ದು ಇನ್ನೊಂದು ಕಡೆ. ಒಡೆಯುತ್ತಿರುವ ಮನೆಯ ಹಿರಿಯ ಆಡಿದ ಮಾತು ಅದು. ಆ ಮಾತನ್ನು ಶತಮಾನಗಟ್ಟಲೆ ಬಿಗಿಯಾಗಿ ಹಿಡಿದಿದ್ದ ಕ್ಯಾಥೊಲಿಕ್ ಸಭೆಯೇ 1964ರಲ್ಲಿ, ಎರಡನೇ ವ್ಯಾಟಿಕನ್ ಮಹಾಸಭೆಯಲ್ಲಿ, ತಮ್ಮ ತಪ್ಪಿಲ್ಲದೆ ಕ್ರಿಸ್ತನನ್ನು ಅರಿಯದೆ ಇದ್ದು, ಮನಸ್ಸಾಕ್ಷಿಯಂತೆ ದೇವರನ್ನು ಹುಡುಕುವವರಿಗೂ ರಕ್ಷಣೆ ಸಾಧ್ಯ ಅಂತ ಬರೆಯಿತು. ಹಾಗಿರುವಾಗ ಸತ್ಯವೇದ ತೆಗೆದು ದಿನಾ ಓದುವ ನಿಮ್ಮನ್ನು ಹೆದರಿಸುವುದರಲ್ಲಿ ಅರ್ಥವಿಲ್ಲ.

ಈಗ ಮನೆಯವರ ಕಡೆ ತಿರುಗುತ್ತೇನೆ. ಬೇಜಾರು ಮಾಡಿಕೊಳ್ಳಬಾರದು. "ಯೇಸು ಧರ್ಮ ಮಾಡಲಿಲ್ಲ" ಅನ್ನುವುದು ಅರ್ಧ ನಿಜ. ದೇವಾಲಯದಲ್ಲಿ ಹಣ ಬದಲಾಯಿಸುವ ಚಿನಿವಾರರ ಮೇಜು ಕೆಡವಿದ್ದು ಅವನೇ. ದೇವರ ಆರಾಧನೆ ಈ ಬೆಟ್ಟದಲ್ಲೂ ಅಲ್ಲ, ಯೆರೂಸಲೇಮಿನಲ್ಲೂ ಅಲ್ಲ ಅಂತ ಸಮಾರ್ಯದ ಹೆಂಗಸಿಗೆ ಹೇಳಿದ್ದೂ ಅವನೇ. ಆದರೆ ಲೂಕ 4:16 ಏನು ಹೇಳುತ್ತದೆ? ಸಬ್ಬತ್ ದಿನ ತನ್ನ ವಾಡಿಕೆಯಂತೆ ಸಭಾಮಂದಿರಕ್ಕೆ ಹೋದ. ವಾಡಿಕೆ ಅನ್ನುವ ಮಾತು ಗಮನಿಸಿ. ಯೆಹೂದ್ಯರ ಪಸ್ಕ ಹಬ್ಬ ಮಾಡಿದ. ಹನ್ನೆರಡು ಜನರನ್ನು ಹೆಸರು ಹಿಡಿದು ಆರಿಸಿದ. ಆ ಗುಂಪಿಗೆ ಒಂದು ಹಣದ ಚೀಲ ಇತ್ತು, ಅದನ್ನು ನೋಡಿಕೊಳ್ಳುವವನು ಯೂದ. ಅವನು ಅದರಿಂದ ಕದಿಯುತ್ತಿದ್ದ ಅಂತ ಯೋಹಾನ 12ರಲ್ಲಿ ಮುಚ್ಚುಮರೆ ಇಲ್ಲದೆ ಬರೆದಿದೆ. ಮಳಿಗೆ ಬಾಡಿಗೆಯ ಲೆಕ್ಕ ಕೇಳಿ ಸುಸ್ತಾದವರಿಗೆ ಇದನ್ನು ಓದಿದರೆ ಸ್ವಲ್ಪ ನಗು ಬರಬೇಕು. ಖಜಾಂಚಿ ತೊಂದರೆ ನಮ್ಮ ಕಾಲದ್ದಲ್ಲ.

ಮೊದಲ ಕ್ರೈಸ್ತರಿಗೆ ಕಟ್ಟಡ ಇರಲಿಲ್ಲ ಅನ್ನುವುದು ನಿಜ. ಪ್ರಿಸ್ಕ ಮತ್ತು ಅಕ್ವಿಲರ ಮನೆಯಲ್ಲಿ, ಫಿಲೆಮೋನನ ಮನೆಯಲ್ಲಿ ಕೂಡುತ್ತಿದ್ದರು. ಅದನ್ನೇ ಹಿಡಿದು ವ್ಯವಸ್ಥೆಯೂ ಇರಲಿಲ್ಲ ಅನ್ನುವವರು ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯ ಓದಬೇಕು. ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಊಟ ಹಂಚುವಾಗ ಭೇದ ಆಗುತ್ತಿದೆ ಅಂತ ಗೊಣಗಾಟ ಎದ್ದಿತು. ಅದಕ್ಕೆ ಏಳು ಜನರನ್ನು ಆರಿಸಿ ಹಂಚುವ ಕೆಲಸ ಒಪ್ಪಿಸಿದರು. ಸಭೆಯ ಮೊದಲ ಕಮಿಟಿ ಅದು. ಹುಟ್ಟಿದ್ದು ಏಕೆ? ಒಂದು ಗುಂಪಿನ ಹೆಂಗಸರಿಗೆ ಕಡಿಮೆ ಬೀಳುತ್ತಿತ್ತು, ಅದಕ್ಕೆ. ನಿಮ್ಮ ಹಿಂದಿನ ಸಾಲಿನ ಕಥೆಗೂ ಇದಕ್ಕೂ ಎಷ್ಟು ಹತ್ತಿರ ನೋಡಿ. ಗ್ರೀಸಿನ ಕೊರಿಂಥ ಪಟ್ಟಣದ ಸಭೆಯಲ್ಲಂತೂ ಉಳ್ಳವರು ಮೊದಲು ಬಂದು ಕರ್ತನ ಭೋಜನದಲ್ಲಿ ತಿಂದು ಕುಡಿದು ಮುಗಿಸುತ್ತಿದ್ದರು, ಇಲ್ಲದವರು ಹಸಿದು ನಿಲ್ಲುತ್ತಿದ್ದರು. ಅಪೊಸ್ತಲ ಪೌಲ ಪತ್ರ ಬರೆದು ಅವರಿಗೆ ಸುಮ್ಮನೆ ಬುದ್ಧಿ ಹೇಳಲಿಲ್ಲ. ನೀವು ಉಣ್ಣುವುದು ಕರ್ತನ ಭೋಜನವೇ ಅಲ್ಲ ಅಂದ.

ಅದಕ್ಕೇ ಒಂದು ಮಾತು ಸ್ಪಷ್ಟ ಮಾಡುತ್ತೇನೆ. ಕೇರಿ ನೋಡಿ ಬಟ್ಟಲು ಕೊಡುವ ಕಡೆಯಿಂದ ನೀವು ಎದ್ದು ಬಂದದ್ದು ಹಿಂಜಾರಿದ್ದಲ್ಲ. ಪೌಲನ ಅಳತೆಯಲ್ಲಿ ನೋಡಿದರೆ ಅಲ್ಲಿ ತಪ್ಪಿದ್ದು ಕೊಡುವವರದು. ನಮ್ಮ ಕಡೆಯ ಸಭೆಗಳಲ್ಲಿ ಜಾತಿ ಇಲ್ಲ ಅಂತ ಯಾರಾದರೂ ಹೇಳಿದರೆ ಅವರ ಮಕ್ಕಳ ಮದುವೆಗಳ ಪಟ್ಟಿ ಕೇಳಿ, ಸಾಕು.

ಇನ್ನು "ಇಬ್ಬರು ಮೂವರು ಎಲ್ಲಿ ಕೂಡಿರುತ್ತಾರೋ" ಅನ್ನುವ ವಚನ. ಮನೆಯಲ್ಲೇ ಆರಾಧನೆ ಮಾಡುವವರೆಲ್ಲ ನನಗೆ ಇದನ್ನು ಹೇಳುತ್ತಾರೆ. ಮತ್ತಾಯ 18:20 ಅದು. ಐದು ವಚನ ಹಿಂದೆ ಹೋಗಿ. ನಿನ್ನ ಸಹೋದರ ತಪ್ಪು ಮಾಡಿದರೆ ಒಬ್ಬನೇ ಹೋಗಿ ಹೇಳು. ಕೇಳದಿದ್ದರೆ ಇಬ್ಬರನ್ನು ಕರೆದುಕೊಂಡು ಹೋಗು. ಅದಕ್ಕೂ ಕೇಳದಿದ್ದರೆ ಸಭೆಗೆ ಹೇಳು. ಅಂದರೆ ಆ ವಚನ ಬರುವುದು ಜಗಳ ಬಗೆಹರಿಸುವ ಮಾತಿನ ನಡುವೆ. ಜನ ಕಡಿಮೆ ಬಂದಾಗ ಸಮಾಧಾನಕ್ಕೆ ಹೇಳಿದ್ದಲ್ಲ.

ಹಾಗಾದರೆ ಸಂಘಟನೆ ಬಿಟ್ಟು ಬದುಕಿದವರು ಚರಿತ್ರೆಯಲ್ಲಿ ಇಲ್ವಾ? ತುಂಬಾ ಜನ ಇದ್ದಾರೆ, ಇಲ್ಲೇ ಇದ್ದಾರೆ. ಸಾಧು ಸುಂದರ ಸಿಂಗ್ 1905ರಲ್ಲಿ ಶಿಮ್ಲಾದಲ್ಲಿ ದೀಕ್ಷಾಸ್ನಾನ ತೆಗೆದುಕೊಂಡರು. ಲಾಹೋರಿನಲ್ಲಿ ದೇವಜ್ಞಾನ ಓದಲು ಸೇರಿ ಬಿಟ್ಟು ಬಂದರು, ಬೋಧಕರ ಲೈಸೆನ್ಸನ್ನೂ ವಾಪಸ್ ಕೊಟ್ಟರು, ಕಾವಿ ಉಟ್ಟು ಊರೂರು ತಿರುಗಿದರು. ಮರಾಠಿ ಕವಿ ನಾರಾಯಣ ವಾಮನ ತಿಲಕರು 1917ರಲ್ಲಿ ಮಿಷನ್ನಿನ ಕೆಲಸ ಬಿಟ್ಟು "ದೇವಾಚಾ ದರಬಾರ್" ಶುರು ಮಾಡಿದರು. ದೀಕ್ಷಾಸ್ನಾನ ಆದವರು, ಆಗದವರು ಇಬ್ಬರೂ ಅಲ್ಲಿ ಕೂಡಬಹುದಿತ್ತು. ಆಂಧ್ರದ ಮುನಿಪಲ್ಲೆಯಲ್ಲಿ ಸುಬ್ಬಾರಾವ್ ಅನ್ನುವ ಮೇಷ್ಟ್ರಿದ್ದರು. ಕ್ರಿಸ್ತನ ಭಕ್ತರು, ಆದರೆ ಸಭೆ ಬೇಡ, ದೀಕ್ಷಾಸ್ನಾನವೂ ಬೇಡ ಅಂತ ಹಟ ಹಿಡಿದವರು.

ಈ ಮೂವರನ್ನು ವಿದ್ಯಾರ್ಥಿಗಳಿಗೆ ಪಾಠ ಮಾಡುವಾಗೆಲ್ಲ ನನಗೆ ಒಂದು ವಿಷಯ ಎದ್ದು ಕಾಣುತ್ತಿತ್ತು. ಮೂವರೂ ಒಂಟಿ ಉಳಿಯಲಿಲ್ಲ. ತಿಲಕರು ಮಿಷನ್ ಬಿಟ್ಟು ಮಾಡಿದ್ದೇ ಇನ್ನೊಂದು ಕೂಟ. ಸುಬ್ಬಾರಾಯರ ಸುತ್ತ ಜನ ಸೇರಿ ಅವರ ಹಾಡು ಹಾಡಿದರು. ಇಂಗ್ಲೆಂಡಿನ ಕ್ವೇಕರರು ಅನ್ನುವ ಕ್ರೈಸ್ತ ಪಂಥದವರು 17ನೇ ಶತಮಾನದಲ್ಲಿ ಪಾದ್ರಿ ಬೇಡ, ದೀಕ್ಷಾಸ್ನಾನ ಬೇಡ, ಕರ್ತನ ಭೋಜನವೂ ಬೇಡ ಅಂದರು. ಆದರೆ ತಿಂಗಳ ಮೀಟಿಂಗ್ ಇಟ್ಟುಕೊಂಡರು, ನಡಾವಳಿ ಬರೆಯಲು ಒಬ್ಬರನ್ನು ನೇಮಿಸಿದರು. ಎಲ್ಲ ಬಿಟ್ಟರೂ ರಿಜಿಸ್ಟರ್ ಬಿಡಲಿಲ್ಲ! ನಮ್ಮ ಶರಣರನ್ನೇ ತೆಗೆದುಕೊಳ್ಳಿ. ಸ್ಥಾವರವನ್ನು ಅಷ್ಟು ಗಟ್ಟಿಯಾಗಿ ಬೈದವರಿಗೂ ಕೂತು ಮಾತಾಡಲು ಅನುಭವ ಮಂಟಪ ಬೇಕಾಯಿತು.

ಫೋನಿನಲ್ಲಿ ಪ್ರಸಂಗ ಕೇಳುತ್ತೀರಿ ಅಂದಿರಿ. ಅಲ್ಲಿ ಬಾನ್‌ಹಾಫರ್ ಅನ್ನುವ ಜರ್ಮನ್ ಪಾಸ್ಟರ್ ಹೆಸರು ಕೇಳಿರಬಹುದು. 1944ರಲ್ಲಿ ಹಿಟ್ಲರನ ಜೈಲಿನಿಂದ "ಧರ್ಮವಿಲ್ಲದ ಕ್ರೈಸ್ತತ್ವ" ಅಂತ ಬರೆದವನು. ಅವನ ಆ ಎರಡು ಪದ ಹಿಡಿದು ಸಭೆ ಬೇಡ ಅನ್ನುವವರಿದ್ದಾರೆ. ಅವನೇ ಅದಕ್ಕೆ ಮೊದಲು ವಿದ್ಯಾರ್ಥಿಗಳನ್ನು ಒಂದೇ ಮನೆಯಲ್ಲಿಟ್ಟು ಪಾಸ್ಟರುಗಳ ತರಬೇತಿ ಶಾಲೆ ನಡೆಸಿದ್ದ, ಅದನ್ನು 1937ರಲ್ಲಿ ಗೆಸ್ಟಾಪೊ ಪೊಲೀಸರು ಮುಚ್ಚಿಸಿದರು. ಆ ಎರಡು ಪದ ಹೇಳುವವರು ಇದನ್ನು ಹೇಳುವುದಿಲ್ಲ.

ನಿಮ್ಮ ಕೈಯಲ್ಲಿರುವ ಸತ್ಯವೇದದ ಕಥೆಯೂ ಸ್ವಲ್ಪ ಹೀಗೆಯೇ. ಮನೆಯಲ್ಲಿ ನೀವು ಒಬ್ಬರೇ ಓದುವ ಪುಸ್ತಕ ಅದು. ಅದು ಮೊದಲು ಕನ್ನಡಕ್ಕೆ ಬಂದದ್ದು ನಮ್ಮ ಬಳ್ಳಾರಿಯಲ್ಲಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಇಲ್ಲಿಗೆ ಬಂದರು, ಕನ್ನಡ ಕಲಿತರು, ಊರವರ ಸಹಾಯ ಪಡೆದು ತಿದ್ದಿ ತಿದ್ದಿ ಬರೆದರು. ಪೂರ್ತಿ ಬೈಬಲ್ ಅಚ್ಚಾಗಿ ಬಂದದ್ದು 1831ರಲ್ಲಿ. ಇಪ್ಪತ್ತು ವರ್ಷದ ಕೆಲಸ. ಚಂದಾ ಎತ್ತುವವರು, ಲೆಕ್ಕ ಇಡುವವರು, ಕಾಗದ ಕಳಿಸುವವರು ಇಲ್ಲದೆ ಅದು ಆಗುತ್ತಿರಲಿಲ್ಲ. ಆ ಮಿಷನ್ನಿನ ಹೆಸರು ಆಮೇಲೆ ಅಳಿಸಿಹೋಯಿತು. 1908ರಲ್ಲಿ ದಕ್ಷಿಣ ಭಾರತ ಐಕ್ಯ ಸಭೆ ಆಯಿತು. 1947ರ ಸೆಪ್ಟೆಂಬರ್ 27ರಿಂದ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ). ಬೋರ್ಡು ಎರಡು ಸಲ ಬದಲಾಗಿದೆ, ಒಳಗಿನ ಪುಸ್ತಕ ಅದೇ. ಹಾಗಾಗಿ ಸಂಘಟನೆ ಅಂದರೆ ದೇವರೇ ಅಂತ ನಾನು ಹೇಳಲಾರೆ, ಅದು ಬರೀ ಕಸ ಅಂತಲೂ ಹೇಳಲಾರೆ.

ಜನ ಸಭೆ ಯಾಕೆ ಬಿಡುತ್ತಾರೆ ಅಂತ ನನ್ನನ್ನು ಕೇಳಿದರೆ, ವಿಶ್ವಾಸ ಹೋಯಿತು ಅಂತ ಬಿಟ್ಟವರು ತೀರಾ ಕಡಿಮೆ. ಜಾಸ್ತಿ ಕಂಡದ್ದು ಆಸ್ತಿ ಜಗಳ. ಹಿಂದಿನ ಮಿಷನ್ನಿನವರು ಊರ ಹೊರಗೆ ಕೊಂಡ ಜಾಗಗಳು ಈಗ ಊರ ನಡುವೆ ಬಂದಿವೆ. ಬೆಲೆ ಏರಿದ ಹಾಗೆ ಕಮಿಟಿ ಚುನಾವಣೆಗೂ ಕಾವು ಏರಿತು. ಇನ್ನೊಂದು, ದುಡಿಯಲು ಬೆಂಗಳೂರಿಗೆ ಹೋದವರು ಅಲ್ಲಿ ಎಲ್ಲಿಗೂ ಸೇರದೆ ಉಳಿದದ್ದು. 2020ರಲ್ಲಿ ಲಾಕ್‌ಡೌನ್ ಆದಾಗ ಫೋನಿಗೆ ಬಂದ ಆರಾಧನೆ ಕೆಲವರಿಗೆ ಅಲ್ಲೇ ಉಳಿಯಿತು. ತಗಡಿನ ಶೀಟು ಹಾಕಿ ಹೊಸದಾಗಿ ಎದ್ದ ಸಭೆಗಳಲ್ಲಿ ಕಾರಣ ಬೇರೆ: ಎಲ್ಲವೂ ಒಬ್ಬ ಪಾಸ್ಟರ್ ಮತ್ತು ಅವರ ಮನೆಯವರ ಕೈಯಲ್ಲಿ. ಅಲ್ಲಿ ಕಮಿಟಿ ಜಗಳ ಇಲ್ಲ, ಏಕೆಂದರೆ ಕಮಿಟಿಯೇ ಇಲ್ಲ.

ನಾನೂ ಒಂದೂವರೆ ವರ್ಷ ಹೋಗಿರಲಿಲ್ಲ. ಪಾಠ ಮಾಡುತ್ತಿದ್ದ ಕಾಲದಲ್ಲೇ. ಜಗಳದ ವಿವರ ಬೇಡ. ಮೊದಲ ಮೂರು ತಿಂಗಳು ಆರಾಮಾಗಿತ್ತು, ನಿಜ ಹೇಳಬೇಕೆಂದರೆ ಪ್ರಾರ್ಥನೆ ಇನ್ನೂ ಚೆನ್ನಾಗಿ ಆಗುತ್ತಿತ್ತು. ಆಮೇಲೆ ಒಂದು ದಿನ ಗಮನಿಸಿದೆ, ನನ್ನ ಪ್ರಾರ್ಥನೆ ಭಾಷಣದ ಹಾಗಾಗಿದೆ. ನನ್ನ ವಿರೋಧಿಗಳ ತಪ್ಪುಗಳನ್ನು ದೇವರಿಗೆ ವರದಿ ಮಾಡುತ್ತಿದ್ದೆ. ದೇವರು ಪ್ರತಿ ಸಲ ನನ್ನ ಮಾತನ್ನೇ ಒಪ್ಪುತ್ತಿದ್ದ. ಯಾರೂ ಎದುರು ಮಾತಾಡದ ಮನೆಯಲ್ಲಿ ಹೀಗಾಗುವುದು ಸಹಜ. ನಾಲ್ಕನೇ ಶತಮಾನದ ಬೆಸಿಲ್ ಅನ್ನುವ ಬಿಷಪ್, ಕಾಡಿಗೆ ಹೋಗಿ ಒಬ್ಬರೇ ತಪಸ್ಸು ಮಾಡುವವರನ್ನು ಒಂದು ಪ್ರಶ್ನೆ ಕೇಳಿದ್ದ: ಒಬ್ಬನೇ ಇದ್ದರೆ ಯಾರ ಪಾದ ತೊಳೆಯುತ್ತೀಯ? ಅದನ್ನು ಹತ್ತಾರು ಸಲ ಪಾಠ ಮಾಡಿದ್ದೆ. ನನಗೇ ಕೇಳಿಸಿದ್ದು ಆಗ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಸಂಘಟನೆ ಬಿಡಬಹುದು. ಸಂಗ ಬಿಡಬಾರದು. ನಿಮ್ಮ ತಪ್ಪನ್ನು ಮುಖಕ್ಕೆ ಹೇಳುವ ವಿಶ್ವಾಸಿಗಳು ನಾಲ್ಕು ಜನ ಇದ್ದಾರಾ? ಕಾಯಿಲೆ ಬಿದ್ದರೆ ಗಂಜಿ ತರುವವರು? ನೀವು ಗಂಜಿ ಒಯ್ಯಬೇಕಾದವರು? ನೀವು ನರ್ಸ್. ಈ ಮೂರನೆಯದು ನಿಮಗೆ ಬೇಗ ಅರ್ಥ ಆಗುತ್ತದೆ.

ಈಗ ಏನು ಮಾಡಬಹುದು ನೋಡೋಣ.

ಈಗಿನಂತೆ ಮನೆಯಲ್ಲೇ ಮುಂದುವರಿಯಬಹುದು. ತಪ್ಪೇನಿಲ್ಲ, ಆದರೆ ಅಪಾಯ ಮಗಳ ಕಡೆಯಿಂದ ಇದೆ. ನಿಮ್ಮ ಹತ್ತಿರ ಮೂವತ್ತಮೂರು ವರ್ಷದ ಸಭೆ ಉಳಿತಾಯ ಇದೆ: ಬಾಯಿಪಾಠದ ಕೀರ್ತನೆಗಳು, ಸಂಡೇ ಸ್ಕೂಲ್, ಕ್ರಿಸ್‌ಮಸ್ ನಾಟಕ. ಅದನ್ನು ಖರ್ಚು ಮಾಡಿಕೊಂಡು ನೀವು ಬದುಕುತ್ತಿದ್ದೀರಿ. ಅವಳ ಖಾತೆಯಲ್ಲಿ ಏನೂ ಇಲ್ಲ. ಅವಳಿಗೆ ಸಿಗುವುದು ಅಪ್ಪ ಅವ್ವನ ಸಿಟ್ಟು ಮತ್ತು ಒಂದು ಫೋನು.

ನಾಲ್ಕು ಮನೆ ಸೇರಿ ಕೂಟ ಮಾಡಬಹುದು. ನನಗೆ ಇಷ್ಟವಾದ ದಾರಿ ಇದು, ಆದರೆ ಕೆಟ್ಟದ್ದನ್ನೂ ನೋಡಿದ್ದೇನೆ. ಎರಡು ವರ್ಷದಲ್ಲಿ ಒಬ್ಬ ದೊಡ್ಡ ದನಿಯವ ಎಲ್ಲರ ಮೇಲೆ ಸವಾರಿ ಮಾಡತೊಡಗುತ್ತಾನೆ, ಕಾಣಿಕೆ ಡಬ್ಬಿ ಅವನ ಮನೆಗೆ ಹೋಗುತ್ತದೆ. ಹಾಗಾಗಿ ಮೊದಲ ದಿನವೇ ತೀರ್ಮಾನ ಮಾಡಿ: ಪ್ರತಿ ವಾರ ಬೇರೆ ಮನೆ, ಬೇರೆಯವರು ನಡೆಸಬೇಕು, ಹಣ ಬಂದರೆ ಇಬ್ಬರು ಎಣಿಸಿ ಪುಸ್ತಕದಲ್ಲಿ ಬರೆಯಬೇಕು. ಬೇರೆ ಬೇರೆ ಕೇರಿಯವರು ಒಂದೇ ತಟ್ಟೆಯಿಂದ ತೆಗೆದುಕೊಳ್ಳದಿದ್ದರೆ ಹೊಸ ಕೂಟ ಮಾಡಿ ಏನು ಬಂತು? ಅಕ್ಕಪಕ್ಕದವರಿಗೂ ಮೊದಲೇ ಹೇಳಿ, ಬಾಗಿಲು ತೆರೆದಿಡಿ, ಮೈಕ್ ಬೇಡ. ಸಂವಿಧಾನದ 25ನೇ ವಿಧಿ ಹಕ್ಕು ಕೊಟ್ಟಿದೆ ಅನ್ನುವುದು ಸರಿ. ಆದರೆ ಈಗಿನ ದಿನಗಳಲ್ಲಿ ಮನೆಯೊಳಗಿನ ಪ್ರಾರ್ಥನೆಗೂ ಮತಾಂತರದ ದೂರು ಕೊಡುವವರಿದ್ದಾರೆ. ನೆರೆಯವರಿಗೆ ನಿಮ್ಮ ಮುಖ ಗೊತ್ತಿರುವುದೇ ಒಳ್ಳೆಯದು.

ಬೇರೆ ಸಭೆಗೆ ಹೋಗಬಹುದು. ನಮ್ಮ ಕಡೆಯ ಜಿಲ್ಲೆಗಳಲ್ಲಿ ಆಯ್ಕೆಗೆ ಕೊರತೆ ಇಲ್ಲ. ಮುದಗಲ್ಲಿನ ಹಳೆಯ ಕ್ಯಾಥೊಲಿಕ್ ಸಭೆ, ರಾಯಚೂರಿನ ಮೆಥೋಡಿಸ್ಟರು, ಸಿಎಸ್‌ಐ, ಪೆಂತೆಕೊಸ್ತರು, ಎಲ್ಲ ಇದ್ದಾರೆ. ಕೆಲವರು ಇನ್ನೊಮ್ಮೆ ದೀಕ್ಷಾಸ್ನಾನ ತೆಗೆದುಕೊಳ್ಳಿ ಅನ್ನುತ್ತಾರೆ. ಮನಸ್ಸು ಒಪ್ಪದಿದ್ದರೆ ಸೌಜನ್ಯದಿಂದ ಬೇಡ ಅನ್ನಿ. ಆರು ತಿಂಗಳು ಹಿಂದೆ ಕೂತು ನೋಡಿ. ಲೆಕ್ಕಪತ್ರ ಎಲ್ಲರ ಮುಂದೆ ಓದುತ್ತಾರಾ ಅಂತ ವಿಚಾರಿಸಿ. ವಾಸಿ ಮಾಡುತ್ತೇವೆ, ಮಾತ್ರೆ ಬಿಡಿ ಅನ್ನುವ ಕಡೆ ಒಂದು ದಿನವೂ ನಿಲ್ಲಬೇಡಿ. ನರ್ಸಿಗೆ ಇದನ್ನು ನಾನು ಹೇಳಬೇಕಾ!

ಏನೇ ಮಾಡಿ, ಹಳೆ ಸಭೆಗೆ ಸಿಟ್ಟಿನಲ್ಲಿ ರಾಜೀನಾಮೆ ಬರೆದುಕೊಡಬೇಡಿ. ಮೊದಲು ನಿಮ್ಮದು, ಮಗಳದು ದೀಕ್ಷಾಸ್ನಾನದ ದಾಖಲೆ, ನಿಮ್ಮ ಮದುವೆಯ ಸರ್ಟಿಫಿಕೇಟು, ಎಲ್ಲದರ ನಕಲು ಸಹಿ ಮಾಡಿಸಿ ಇಟ್ಟುಕೊಳ್ಳಿ. ಸಭೆ ಬಿಟ್ಟರೆ ಕಾನೂನಿನ ಲೆಕ್ಕದಲ್ಲಿ ಕ್ರೈಸ್ತರೇ ಅಲ್ಲ ಅಂತ ಯಾರಾದರೂ ಹೆದರಿಸಿದರೆ ನಂಬಬೇಡಿ. 1872ರ ಕ್ರೈಸ್ತ ವಿವಾಹ ಕಾಯ್ದೆ ಕ್ರೈಸ್ತರು ಅಂದರೆ ಕ್ರೈಸ್ತ ಧರ್ಮವನ್ನು ಅವಲಂಬಿಸಿದವರು ಅನ್ನುತ್ತದೆ, ಸದಸ್ಯತ್ವದ ಮಾತು ಅಲ್ಲಿಲ್ಲ. ಮುಂದೆ ಮಗಳ ಮದುವೆಗೆ ಪಾಸ್ಟರ್ ಸಿಗದಿದ್ದರೂ ಅದೇ ಕಾಯ್ದೆಯಲ್ಲಿ ವಿವಾಹ ರಿಜಿಸ್ಟ್ರಾರ್ ಮುಂದೆ ಆಗಬಹುದು. ಇಲ್ಲದಿದ್ದರೆ 1954ರ ವಿಶೇಷ ವಿವಾಹ ಕಾಯ್ದೆ ಇದೆ, ಅದಕ್ಕೆ 30 ದಿನದ ನೋಟಿಸ್ ಬೇಕು.

ಮಣ್ಣಿನ ವಿಷಯ ಮಾತ್ರ ಹಗುರವಾಗಿ ತೆಗೆದುಕೊಳ್ಳುವಂಥದ್ದಲ್ಲ. ಅವ್ವ ಸುಮ್ಮನೆ ಹೆದರುತ್ತಿಲ್ಲ. 2025ರ ಜನವರಿಯಲ್ಲಿ ಛತ್ತೀಸ್‌ಗಢದಲ್ಲಿ ತಂದೆಯನ್ನು ತಮ್ಮೂರಲ್ಲೇ ಹೂಳಲು ಮಗನೊಬ್ಬ ಸುಪ್ರೀಂ ಕೋರ್ಟಿನ ತನಕ ಹೋಗಬೇಕಾಯಿತು. ಹೆಣ ಸುಮಾರು ಮೂರು ವಾರ ಶವಾಗಾರದಲ್ಲಿತ್ತು. ಕೊನೆಗೆ ಸಿಕ್ಕಿದ್ದು ಇಪ್ಪತ್ತು-ಇಪ್ಪತ್ತೈದು ಕಿಲೋಮೀಟರ್ ಆಚೆಯ ಕ್ರೈಸ್ತರ ಸ್ಮಶಾನ. ಅಲ್ಲಿ ಅಡ್ಡ ಬಂದದ್ದು ಊರು. ನಮ್ಮ ಕಡೆ ಬಹಳ ಸಲ ಅಡ್ಡ ಬರುವುದು ನಮ್ಮವರೇ, ವರ್ಷದ ಚಂದಾ ಬಾಕಿ ಅಂತ ಹೇಳಿ. ನಿಮ್ಮ ಸಭೆಯ ಸ್ಮಶಾನ ಯಾರ ಹೆಸರಲ್ಲಿದೆ ಅಂತ ತಿಳಿದುಕೊಳ್ಳಿ. ಅವ್ವನ ಚಂದಾ ಬಾಕಿ ಇದ್ದರೆ ಕಟ್ಟಿ, ರಸೀದಿ ತೆಗೆದುಕೊಳ್ಳಿ. ಅವ್ವನ ಹೆಸರು ರಿಜಿಸ್ಟರಿನಲ್ಲಿ ಇರಲಿ ಅಂತ ಒಂದು ಕಾಗದ ಬರೆದು ಕೊಡಿ. ಕಮಿಟಿ ಎರಡಾಗಿದ್ದರೆ ಎರಡಕ್ಕೂ ಕೊಡಿ. ನಗರಸಭೆ ಅಥವಾ ಪಂಚಾಯ್ತಿ ಸ್ಮಶಾನದಲ್ಲಿ ಜಾಗ ಹೇಗೆ ಅಂತಲೂ ಒಮ್ಮೆ ಕೇಳಿಡಿ.

ಪತ್ರದಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಬಾಡಿಗೆ ಜಗಳವಲ್ಲ, ಆ ಬಿಳಿ ಸೀರೆ. ತಂಗಿ, ಮೂರು ವರ್ಷದ ಹಿಂದೆ ಸಭೆ ಬಿಟ್ಟದ್ದು ನೀವು. ಅವ್ವ ಬಿಟ್ಟಿಲ್ಲ. ಅವಳು ನಿಮ್ಮ ಜೊತೆ ಮನೆಯಲ್ಲಿ ಉಳಿದಿದ್ದಾಳೆ, ಅಷ್ಟೇ. ಅವಳಿಗೂ ಅದೇ ಹಿಂದಿನ ಸಾಲು ಇತ್ತು, ನಿಮಗಿಂತ ಮೂವತ್ತು ವರ್ಷ ಜಾಸ್ತಿ ಅಲ್ಲಿ ಕೂತವಳು. ಆದರೂ ಗಂಟೆ ಕೇಳಿದರೆ ಕಟ್ಟೆಗೆ ಬರುತ್ತಾಳೆ. ಅವಳನ್ನು ಯಾರಾದರೂ ಕೇಳಿದ್ದೀರಾ?

ಬೀಗ ತೆಗೆದಿದ್ದರೆ ಈ ಭಾನುವಾರ ಅವಳನ್ನು ಆಟೋದಲ್ಲಿ ಕರೆದುಕೊಂಡು ಹೋಗಿ. ಮಗಳು ಬರುತ್ತೇನೆ ಅಂದರೆ ಅವಳೂ ಬರಲಿ. ನೀವು ಒಳಗೆ ಹೋಗಬೇಕು ಅಂತಿಲ್ಲ. ಗೇಟಿನ ಹತ್ತಿರ ನೆರಳಿದ್ದರೆ ಅಲ್ಲಿ ಕಾಯಿರಿ, ಹನ್ನೊಂದೂವರೆಗೆ ಮುಗಿಯುತ್ತದೆ.